ಅಪ್‌ಡೇಟ್: ನಮ್ಮ ಪುಟ್ಟ ಹಾಲ್‌ಗೆ ಜಮಖಾನ ಬಂತು

ಹೋದ ತಿಂಗಳು ಕೇಳಿದ್ದೆ: 10 ಅಡಿಗೆ 12 ಅಡಿ ಹಾಲ್, ಬೂದು ಬಣ್ಣದ ಸೋಫಾ. 3 ಅಡಿಗೆ 5 ಅಡಿ ಕಾರ್ಪೆಟ್ ಸಾಕಾ ಅಂತ. ಸಾಲದು, ದೊಡ್ಡದೇ ತಗೊಳ್ಳಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ನೀವು ಹೇಳಿದ ಹಾಗೆ ಮೊದಲು ಹಳೇ ಪೇಪರ್ ಹಾಸಿ ನೋಡಿದೆವು. ಚಿಕ್ಕ ಅಳತೆಯದ್ದು ಟೀಪಾಯಿ ಕೆಳಗೆ ಕಾಲೊರೆಸಿನ ಹಾಗೆ ಕಂಡಿತು. 5 ಅಡಿಗೆ 7 ಅಡಿ ಹಾಸಿದಾಗ ಸೋಫಾದ ಮುಂದಿನ ಕಾಲುಗಳು ಅದರ ಮೇಲೆ ಬಂದವು. ಹಾಲ್ ದೊಡ್ಡದಾದ ಹಾಗೆ ಅನ್ನಿಸಿತು! ಎರಡು ದಿನ ಪೇಪರ್ ಅಲ್ಲೇ ಬಿಟ್ಟು ಓಡಾಡಿದೆವು.

ಆಮೇಲೆ ದಪ್ಪ ಕಾರ್ಪೆಟ್ ಯೋಚನೆಯನ್ನೇ ಬಿಟ್ಟೆವು. ಧೂಳು ಜಾಸ್ತಿ, ಮನೆಯಲ್ಲಿ ಮಗು ಬೇರೆ. ಧಾರವಾಡ ಜಿಲ್ಲೆಯ ನವಲಗುಂದದ ಹತ್ತಿ ಜಮಖಾನ ತಂದೆವು. ಅಲ್ಲಿನ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯುವುದು, ಜಿಐ ಟ್ಯಾಗ್ (ಆ ಊರಿನದ್ದೇ ವಿಶೇಷ ಅನ್ನುವ ಅಧಿಕೃತ ಗುರುತು) ಕೂಡ ಇದೆ. ನಮ್ಮದರಲ್ಲಿ ಕೆಂಪು ನೆಲದ ಮೇಲೆ ಹಳದಿ ನವಿಲು. ತಿರುಗಿಸಿದರೆ ಹಿಂದೆಯೂ ಅದೇ ನವಿಲು. ಬಣ್ಣ ಬಿಡುತ್ತದಾ ಅಂತ ಒದ್ದೆ ಬಿಳಿ ಬಟ್ಟೆಯಿಂದ ಮೂಲೆ ಉಜ್ಜಿ ನೋಡಿದೆ. ಸ್ವಲ್ಪ ಕೆಂಪು ಹತ್ತಿತು. ಹಾಗಾಗಿ ಒಗೆಯುವಾಗ ಬೇರೆ ಬಟ್ಟೆ ಜೊತೆ ಹಾಕುವುದಿಲ್ಲ.

ತೆಳುವಾದ್ದರಿಂದ ಟೈಲ್ಸ್ ಮೇಲೆ ಜಾರುತ್ತಿತ್ತು. ಕೆಳಗೆ ಜಾರದ ಹಾಗೆ ರಬ್ಬರ್ ಜಾಲರಿ ಹಾಸಿದ ಮೇಲೆ ಅಲುಗಾಡಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಮಾತ್ರ ಬಿಡಬೇಡಿ.

ಕುಶನ್‌ಗೆ ಅಮ್ಮನ ಹಳೇ ಗುಳೇದಗುಡ್ಡ ಖಣದ (ರವಿಕೆ ಬಟ್ಟೆಯ) ಕವರ್ ಹೊಲಿಸಿದೆ. ಬೂದು ಸೋಫಾ ಮೇಲೆ ಎಷ್ಟು ಚೆನ್ನಾಗಿ ಒಪ್ಪಿದೆ ಗೊತ್ತಾ! ಪರದೆ ಇನ್ನೂ ಬಾಕಿ. ತಿಳಿ ಬಣ್ಣದ್ದು ಸಾಕು ಅನ್ನಿಸುತ್ತಿದೆ, ಅಲ್ವಾ?