ಫೋಟೋದಲ್ಲಿ ಎರಡು ಕಾರು, ದಂಡ ನನಗೆ: ಸ್ಪೀಡ್ ಕ್ಯಾಮೆರಾ ಲೆಕ್ಕವನ್ನು ಎಷ್ಟು ನಂಬಬಹುದು?

ಹಳದಿ ಬೋರ್ಡ್ ಹಾಸನ:

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ಈಗಿರುವುದು ಎರ್ಟಿಗಾ. ಇಷ್ಟು ವರ್ಷದಲ್ಲಿ ಓವರ್‌ಸ್ಪೀಡ್ ಕೇಸು ಒಂದೂ ಇರಲಿಲ್ಲ. ಹೋದ ವಾರ ಮೊಬೈಲಿಗೆ ಮೆಸೇಜ್ ಬಂತು. 80ರ ಮಿತಿ ಇರುವ ರಸ್ತೆಯಲ್ಲಿ 94ರಲ್ಲಿ ಹೋಗಿದ್ದೇನಂತೆ. ದಂಡ 1,000 ರೂಪಾಯಿ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಹಿಂದಿನ ಸೀಟಿನಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಊರಿಗೆ ಹೊರಟಿದ್ದ ಅಜ್ಜಿ, ಪಕ್ಕದಲ್ಲಿ ಅವರ ಮಗಳು. "ನಿಧಾನಕ್ಕೆ ಹೋಗಪ್ಪ, ಕುಲುಕಬಾರದು ಅಂದಿದ್ದಾರೆ ಡಾಕ್ಟ್ರು" ಎಂದು ಅಜ್ಜಿ ಎರಡು ಸಲ ಹೇಳಿದ್ದರು. ಎಡಗಡೆ ಲೇನಿನಲ್ಲೇ ಇದ್ದೆ. ಮೀಟರ್ 74 ದಾಟಿರಲಿಲ್ಲ. ಗಾಡಿಗೆ 80 ದಾಟದಂತೆ ತಡೆಯುವ ಸ್ಪೀಡ್ ಗವರ್ನರ್ ಬೇರೆ ಇದೆ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವಾಗ ಅದನ್ನೂ ನೋಡಿದ್ದಾರೆ.

ನೋಟಿಸಿನ ಫೋಟೋದಲ್ಲಿ ನನ್ನ ನಂಬರ್ ಪ್ಲೇಟ್ ಸ್ಪಷ್ಟವಾಗಿದೆ. ಆದರೆ ಬಲಗಡೆ ಒಂದು ಕೆಂಪು ಕಾರಿನ ಮೂತಿಯೂ ಕಾಣುತ್ತದೆ. ಅದು ನನ್ನನ್ನು ಓವರ್‌ಟೇಕ್ ಮಾಡುತ್ತಿತ್ತು. ಹಾಗಾದರೆ ಕ್ಯಾಮೆರಾ ಅಳೆದದ್ದು ಯಾರ ಸ್ಪೀಡು?

ಸಾವಿರ ಕಟ್ಟಿ ಸುಮ್ನಿರು ಎನ್ನುತ್ತಾರೆ ಸ್ಟ್ಯಾಂಡಿನವರು. ಆ ಸಾವಿರ ನನ್ನ ಒಂದು ದಿನದ ದುಡಿಮೆ. ಅದಕ್ಕಿಂತ ಜಾಸ್ತಿ ಬೇಜಾರು ಏನೆಂದರೆ, ಕಟ್ಟಿದರೆ ಮಾಡದ ತಪ್ಪನ್ನು ಒಪ್ಪಿಕೊಂಡಂತೆ. ಗೊತ್ತಿದ್ದವರು ದಾರಿ ತೋರಿಸಿ.

ತಕ್ಕಡಿ ಮೇಷ್ಟ್ರು:

ನಾನು ತೂಕ ಮತ್ತು ಅಳತೆಯ ಸಾಧನಗಳನ್ನು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತನಾದವನು. ಸಂತೆಯ ತಕ್ಕಡಿಯಿಂದ ಪೆಟ್ರೋಲ್ ಬಂಕಿನವರೆಗೆ ನೋಡಿದ್ದೇನೆ. ನಿಮ್ಮ ಪ್ರಶ್ನೆ ಸರಿಯಾಗಿದೆ.

ಇಂಥ ಕ್ಯಾಮೆರಾ ಜೊತೆಗಿರುವ ರೇಡಾರ್ ಕಳಿಸುವ ರೇಡಿಯೋ ಅಲೆ ಗಾಡಿಗೆ ತಾಗಿ ವಾಪಸ್ ಬರುತ್ತದೆ. ಬಂದ ಅಲೆ ಎಷ್ಟು ಬದಲಾಗಿದೆ ಎನ್ನುವುದರಿಂದ ವೇಗ ಸಿಗುತ್ತದೆ. ಈ ಲೆಕ್ಕದಲ್ಲಿ ಮೋಸವಿಲ್ಲ. ತೊಂದರೆ ಬರುವುದು ಅಲೆ ಹರಡುವುದರಿಂದ. 5 ಡಿಗ್ರಿ ಹರಡುವ ಕಿರಣ 50 ಮೀಟರ್ ದೂರದಲ್ಲಿ ಸುಮಾರು 4.4 ಮೀಟರ್ ಅಗಲ ಆಗಿರುತ್ತದೆ. ಹೆದ್ದಾರಿಯ ಒಂದು ಲೇನಿನ ಅಗಲ 3.5 ಮೀಟರ್. ಅಂದರೆ ಪಕ್ಕದ ಲೇನಿನ ಗಾಡಿಯೂ ಅದರೊಳಗೆ ಬರಬಹುದು. ಒಳ್ಳೆಯ ಯಂತ್ರಗಳು ಎರಡನ್ನೂ ಬೇರೆ ಮಾಡಿ ನೋಡುತ್ತವೆ, ಗುರುತಿಸಲು ಆಗದಿದ್ದರೆ ಆ ಅಳತೆಯನ್ನೇ ಬಿಟ್ಟುಬಿಡುತ್ತವೆ. ಎಲ್ಲವೂ ಹಾಗಲ್ಲ.

ಕಂಬದ ಕೋನದಿಂದಲೂ ತಪ್ಪು ಬರುತ್ತದೆ. ಕ್ಯಾಮೆರಾ ಓರೆಯಾಗಿ ನೋಡಿದಷ್ಟೂ ವೇಗ ಕಡಿಮೆ ಕಾಣುತ್ತದೆ. 20 ಡಿಗ್ರಿ ಓರೆಯಿದ್ದರೆ 100 ಎನ್ನುವುದು 94 ಆಗುತ್ತದೆ. ಅದಕ್ಕೇ ಕೂರಿಸುವಾಗ ಆ ಕೋನವನ್ನು ಯಂತ್ರಕ್ಕೆ ಹಾಕಿ ಲೆಕ್ಕ ಸರಿಪಡಿಸಿರುತ್ತಾರೆ. ಆಮೇಲೆ ಕಂಬ ಸ್ವಲ್ಪ ತಿರುಗಿದರೆ ಲೆಕ್ಕ ಜಾಸ್ತಿಯೂ ಬರಬಹುದು. ನಿಮ್ಮ ವಿಷಯದಲ್ಲಿ ಕೂತು ಲೆಕ್ಕ ಹಾಕಿದೆ. 25 ಡಿಗ್ರಿಗೆ ಹೊಂದಿಸಿದ್ದು 20ಕ್ಕೆ ತಿರುಗಿದ್ದರೂ ನಿಮ್ಮ 74 ಹೆಚ್ಚೆಂದರೆ 77 ಆಗುತ್ತದೆ, 94 ಆಗುವುದಿಲ್ಲ. ಹಾಗಾಗಿ ನನ್ನ ಅನುಮಾನ ಕೆಂಪು ಕಾರಿನ ಮೇಲೆಯೇ.

ಇದನ್ನು ತೀರ್ಮಾನ ಮಾಡಲು ಎರಡನೇ ಫೋಟೋ ಸಾಕು. ಅಥವಾ ವಿಡಿಯೋ. ಎರಡು ಫೋಟೋಗಳ ನಡುವೆ ಅರ್ಧ ಸೆಕೆಂಡ್ ಇದೆ ಎಂದುಕೊಳ್ಳಿ. 74ರಲ್ಲಿ ಹೋಗುವ ಗಾಡಿ ಅಷ್ಟರಲ್ಲಿ 10.3 ಮೀಟರ್ ಮುಂದೆ ಹೋಗಿರುತ್ತದೆ, 94ರಲ್ಲಾದರೆ 13 ಮೀಟರ್. ವ್ಯತ್ಯಾಸ ಎರಡೂಮುಕ್ಕಾಲು ಮೀಟರ್. ನಿಮ್ಮ ಗಾಡಿಯ ಅರ್ಧಕ್ಕಿಂತ ಜಾಸ್ತಿ ಉದ್ದ ಅದು. ರಸ್ತೆಯ ಬಿಳಿ ಗೆರೆಗಳನ್ನು ಇಟ್ಟುಕೊಂಡು ಯಾರು ಬೇಕಾದರೂ ಅಳೆಯಬಹುದು. 2012ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸಿಗ್ನಲ್‌ಗೆ ನಿಂತಿದ್ದ ಕಾರಿಗೆ 38 ಮೈಲಿ ವೇಗ ಎಂದು ನೋಟಿಸ್ ಹೋಗಿತ್ತು. ವಿಡಿಯೋ ನೋಡಿದರೆ ಕಾರು ಅಲುಗಾಡಿರಲೇ ಇಲ್ಲ.

ಇನ್ನೊಂದು, ಯಂತ್ರದ ಸರ್ಟಿಫಿಕೇಟ್ ಕೇಳಿ. 2021ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ ಇಂಥ ಯಂತ್ರಕ್ಕೆ ಅನುಮೋದನೆ ಪತ್ರ ಇರಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ಕ್ಯಾಮೆರಾ ಇದೆ ಎಂದು ಮೊದಲೇ ಬೋರ್ಡ್ ಹಾಕಿರಬೇಕು. ರೇಡಾರ್ ಯಂತ್ರಗಳಿಗೂ ತಕ್ಕಡಿಯ ಹಾಗೆ ಪರೀಕ್ಷೆ, ಮುದ್ರೆ ಆಗಬೇಕು ಎನ್ನುವ ನಿಯಮ 2025ರ ಜುಲೈ 1ರಿಂದ ಜಾರಿಗೆ ಬಂದಿದೆ. ಮುದ್ರೆಯಿಲ್ಲದ ತಕ್ಕಡಿಯಲ್ಲಿ ಅಕ್ಕಿ ತೂಗಿದ ಅಂಗಡಿಯವನಿಗೆ ನಾನೇ ದಂಡ ಹಾಕಿದ್ದೇನೆ. ದಂಡ ಹಾಕುವ ಯಂತ್ರಕ್ಕೂ ಅದೇ ನ್ಯಾಯ ಅಲ್ವಾ?

ಗವರ್ನರ್ ಒಂದನ್ನೇ ನಂಬಿ ವಾದ ಮಾಡಬೇಡಿ. ಇಳಿಜಾರಿನಲ್ಲಿ ಗಾಡಿ 80 ದಾಟಬಹುದು.

ರಸ್ತೆ ಪಕ್ಕದ ಮನೆ:

ಡ್ರೈವರ್ ಅಣ್ಣ, ನಿಮ್ಮ ಮೇಲೆ ನನಗೆ ನಂಬಿಕೆ ಇದೆ. ಆದರೂ ಒಂದು ಮಾತು. ನಮ್ಮ ಮನೆ ಹೆದ್ದಾರಿಯಿಂದ ನೂರು ಹೆಜ್ಜೆ. ಹಾಲಿನ ಡೈರಿ ಆಚೆ ಕಡೆ. ಕ್ಯಾಮೆರಾ ಬರುವ ಮೊದಲು ಕ್ಯಾನು ಹಿಡಿದು ದಾಟಲು ಕಾಯುತ್ತಾ ನಿಂತರೆ ಎದೆ ಡವಡವ ಎನ್ನುತ್ತಿತ್ತು. ನಮ್ಮ ಚಿಕ್ಕಪ್ಪ ಹೋಗಿದ್ದು ಅಲ್ಲೇ. ಈಗ ಗಾಡಿಗಳು ಆ ಜಾಗಕ್ಕೆ ಬಂದ ಕೂಡಲೇ ನಿಧಾನ ಆಗುತ್ತವೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 2024ರ ಆಗಸ್ಟ್‌ನಿಂದ 130 ದಾಟಿದವರ ಮೇಲೆ ಎಫ್‌ಐಆರ್ ಎಂದಾಗ ನನಗೆ ಖುಷಿಯೇ ಆಯಿತು. ನಿಮ್ಮ ನೋಟಿಸ್ ತಪ್ಪಿದ್ದರೆ ಖಂಡಿತ ಹೋರಾಡಿ. ಎಲ್ಲ ಕ್ಯಾಮೆರಾನೂ ಸುಳ್ಳು ಎಂದು ಮಾತ್ರ ಯಾರೂ ಹೇಳಬೇಡಿ.

ಹಳದಿ ಬೋರ್ಡ್ ಹಾಸನ:

ಅಕ್ಕಾ, ನಿಮ್ಮ ಚಿಕ್ಕಪ್ಪನ ವಿಷಯ ಓದಿ ಸಂಕಟ ಆಯಿತು. ಕ್ಯಾಮೆರಾ ಬೇಡ ಎಂದು ನಾನು ಹೇಳುವವನಲ್ಲ. ಅದು ಸರಿಯಾದ ಗಾಡಿಯನ್ನು ಹಿಡಿಯಲಿ ಎನ್ನುವುದಷ್ಟೇ. ನನಗೆ ನೋಟಿಸ್ ಬಂದರೆ ಆ ಕೆಂಪು ಕಾರಿನವನು ನಾಳೆಯೂ ಹಾಗೇ ಓಡಿಸುತ್ತಾನೆ. ನಿಮ್ಮಂಥವರ ಊರಿನ ಮುಂದೆಯೇ.

ಮೇಷ್ಟ್ರೇ, ನಿಮ್ಮ ಮಾತು ಓದಿದ ಮೇಲೆ ಒಂದು ಹೊಳೆಯಿತು. ನಮ್ಮ ಟ್ಯಾಕ್ಸಿಗಳಿಗೆ ಪ್ಯಾನಿಕ್ ಬಟನ್ ಜೊತೆ ಜಿಪಿಎಸ್ ಹಾಕಿರುತ್ತಾರಲ್ಲ, ಅದರ ರೆಕಾರ್ಡ್ ತೆಗೆಸಿದೆ. ನೋಟಿಸಿನಲ್ಲಿರುವ ನಿಮಿಷಕ್ಕೆ 71 ತೋರಿಸುತ್ತಿದೆ. ಮೀಟರಿನಲ್ಲಿ 74 ಇತ್ತು, ಜಿಪಿಎಸ್‌ನಲ್ಲಿ 71. ಇದು ಸರಿಯೇ?

ತಕ್ಕಡಿ ಮೇಷ್ಟ್ರು:

ಸರಿಯೇ. ಕಾರಿನ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಎಂದು ನಿಯಮ ಇದೆ. ಅದಕ್ಕೇ ಕಂಪನಿಯವರು ಸ್ವಲ್ಪ ಜಾಸ್ತಿಯೇ ತೋರಿಸುವಂತೆ ಇಡುತ್ತಾರೆ. ಆದರೆ ಕಂಪನಿ ಅಳತೆಗಿಂತ ದೊಡ್ಡ ಟೈರ್ ಹಾಕಿಸಿದ್ದರೆ ಲೆಕ್ಕ ಉಲ್ಟಾ ಆಗುತ್ತದೆ. ಹಾಕಿಸಿಲ್ಲ ತಾನೆ?

ಹಳದಿ ಬೋರ್ಡ್ ಹಾಸನ:

ಇಲ್ಲ ಮೇಷ್ಟ್ರೇ, ಕಂಪನಿ ಸೈಜೇ.

ಇವತ್ತು ಬೆಳಿಗ್ಗೆ ಬಾಡಿಗೆ ಬಿಟ್ಟು ಕಚೇರಿಗೆ ಹೋಗಿದ್ದೆ. ಅರ್ಜಿಯಲ್ಲಿ ಮೂರೇ ವಿಷಯ ಬರೆದೆ. ಪೂರ್ತಿ ವಿಡಿಯೋ ತೋರಿಸಿ, ಆ ದಿನಕ್ಕೆ ಚಾಲ್ತಿಯಲ್ಲಿದ್ದ ಯಂತ್ರದ ಸರ್ಟಿಫಿಕೇಟ್ ಕೊಡಿ, ನನ್ನ ಜಿಪಿಎಸ್ ರೆಕಾರ್ಡ್ ಪರಿಶೀಲಿಸಿ. ಕೌಂಟರಿನಲ್ಲಿದ್ದ ಹುಡುಗಿ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. "ಹೌದು ಸರ್, ಇನ್ನೊಂದು ಗಾಡಿ ಇದೆ" ಎಂದಳು. ಅರ್ಜಿಗೆ ಸೀಲ್ ಹಾಕಿಸಿಕೊಂಡು ಬಂದಿದ್ದೇನೆ. ಆ ಅಜ್ಜಿಯ ಮಗಳಿಗೂ ಫೋನ್ ಮಾಡಿದ್ದೆ, ಬೇಕಾದರೆ ಬಂದು ಹೇಳುತ್ತೇನೆ ಎಂದರು. ವಿಡಿಯೋ ನೋಡಲು ಮುಂದಿನ ಮಂಗಳವಾರ ಬರಲು ಹೇಳಿದ್ದಾರೆ. ನೋಡಿದ ದಿನವೇ ಇಲ್ಲಿ ಬರೆಯುತ್ತೇನೆ.