ಹಳೆಯ ಜಾಲತಾಣದ ಪಾಪ್-ಅಪ್ ಸೂಚಿ ಕಿಟಕಿಯನ್ನು ಉಳಿಸಿಕೊಳ್ಳಬಹುದೇ?

ಪ್ರಶ್ನೆ:
ನಮ್ಮ ಸೋದರಮಾವ 1998ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾಗ ಜಿಯೋಸಿಟೀಸ್ ಎಂಬ ಉಚಿತ ಜಾಲತಾಣ ಸೇವೆಯಲ್ಲಿ ತಮ್ಮದೊಂದು ಜಾಲತಾಣ ಮಾಡಿಕೊಂಡಿದ್ದರು. 2009ರಲ್ಲಿ ಆ ಸೇವೆ ಮುಚ್ಚುವ ಮೊದಲೇ ಕಡತಗಳನ್ನೆಲ್ಲ ಸಿ.ಡಿ.ಗೆ ಇಳಿಸಿಟ್ಟಿದ್ದರು. ಈಗ ಅವರಿಲ್ಲ, ಆ ತಾಣವನ್ನು ಮತ್ತೆ ಜಾಲಕ್ಕೇರಿಸಲು ನಾನು ಹೊರಟಿದ್ದೇನೆ. ಮುಖಪುಟ ತೆರೆದ ಕೂಡಲೇ ಪಕ್ಕದಲ್ಲಿ 150 ಪಿಕ್ಸೆಲ್ ಅಗಲದ ಸಣ್ಣ ಕಿಟಕಿಯೊಂದು ತಾನಾಗಿ ತೆರೆದುಕೊಂಡು, ಎಲ್ಲ ಪುಟಗಳ ಕೊಂಡಿಗಳೂ ಅದರಲ್ಲಿ ಕಾಣುವಂತೆ ಅವರು ಬರೆದಿದ್ದರು. ಅದನ್ನು ‘ರಿಮೋಟ್’ ಎಂದು ಕರೆದಿದ್ದರು. ಈಗ ಅದು ತೆರೆಯುವುದೇ ಇಲ್ಲ. ಪುಟಗಳಲ್ಲಿ ಬೇರೆ ಕೊಂಡಿಗಳಿಲ್ಲದ ಕಾರಣ ಮುಖಪುಟದಿಂದ ಮುಂದಕ್ಕೆ ಹೋಗಲು ದಾರಿಯೇ ಇಲ್ಲ. ಸಾಮಾನ್ಯ ಮೆನು ಹಾಕಿಬಿಡಲೇ, ಅಥವಾ ಅವರು ಮಾಡಿದ್ದನ್ನು ಉಳಿಸುವ ಉಪಾಯವಿದೆಯೇ?

ಉತ್ತರ 1:
ಉಳಿಸಬಹುದು. ಆ ಕಿಟಕಿ ಆನ್‌ಲೋಡ್ ಘಟನೆಯಲ್ಲಿ, ಅಂದರೆ ಓದುಗರು ಏನನ್ನೂ ಒತ್ತದೆ ತೆರೆಯುತ್ತಿತ್ತು. ಕೇಳದೆ ಬರುವ ಕಿಟಕಿಗಳನ್ನು ತಡೆಯುವ ಸೌಲಭ್ಯ 2002ರ ಮೊಜಿಲ್ಲಾ 1.0 ಬ್ರೌಸರ್‌ನಲ್ಲೇ ಇತ್ತು, 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್‌ನೊಂದಿಗೆ ಇಂಟರ್ನೆಟ್ ಎಕ್ಸ್‌ಪ್ಲೋರರಿಗೂ ಅದು ಬಂದಿತು. ಓದುಗರು ಸ್ವತಃ ಒತ್ತಿದಾಗ ತೆರೆಯುವ ಕಿಟಕಿಯನ್ನು ಬ್ರೌಸರ್‌ಗಳು ಸಾಮಾನ್ಯವಾಗಿ ತಡೆಯುವುದಿಲ್ಲ. ಆದ್ದರಿಂದ ಮುಖಪುಟದಲ್ಲಿ ‘ರಿಮೋಟ್ ತೆರೆಯಿರಿ’ ಎಂಬ ಕೊಂಡಿಯನ್ನಿಟ್ಟು, ಕಿಟಕಿ ತೆರೆಯುವ ವಿಂಡೋ.ಓಪನ್ ಸಾಲನ್ನು ಅದರ ಆನ್‌ಕ್ಲಿಕ್‌ಗೆ, ಅಂದರೆ ಒತ್ತಿದಾಗ ನಡೆಯುವ ಸೂಚನೆಗೆ, ವರ್ಗಾಯಿಸಿ. ಕೊಂಡಿಯ ವಿಳಾಸದ ಜಾಗದಲ್ಲಿ ಸೂಚಿ ಪುಟದ ನಿಜವಾದ ವಿಳಾಸವನ್ನೇ ಬರೆಯಿರಿ. ಇಂಥ ಸಾಲುಗಳನ್ನು ಬರೆಯುವ ಭಾಷೆಯಾದ ಜಾವಾಸ್ಕ್ರಿಪ್ಟ್ ನಡೆಯದ ಕಡೆಯಲ್ಲೂ ಓದುಗರಿಗೆ ಪಟ್ಟಿ ಸಿಗುತ್ತದೆ. ಸಣ್ಣ ಕಿಟಕಿಯಲ್ಲಿ ಪುಟದ ವಿಳಾಸ ಕಾಣುವ ಮೇಲಿನ ಜಾಗವನ್ನು ಮರೆಮಾಡುವ ಹಳೆಯ ಸೂಚನೆಯನ್ನು ಇಂದಿನ ಬ್ರೌಸರ್‌ಗಳು ಲೆಕ್ಕಕ್ಕಿಡುವುದಿಲ್ಲ.

ಉತ್ತರ 2:
ಮೇಲಿನ ಪರಿಹಾರ ಸರಿಯಾಗಿದೆ. ಆದರೆ ಆ ಕಿಟಕಿ ಏಕಿತ್ತೆಂಬುದನ್ನು ತಿಳಿಯದೆ ದಯವಿಟ್ಟು ಅದನ್ನು ತೆಗೆದುಹಾಕಬೇಡಿ. ಒಂದೇ ಕಿಟಕಿಯನ್ನು ಭಾಗಗಳಾಗಿಸಿ ಪ್ರತಿ ಭಾಗದಲ್ಲೂ ಬೇರೆ ಪುಟ ತೋರಿಸುವ ಫ್ರೇಮ್‌ಗಳೂ ಜಾವಾಸ್ಕ್ರಿಪ್ಟೂ ನೆಟ್‌ಸ್ಕೇಪ್ 2.0 ಬ್ರೌಸರ್‌ನಲ್ಲಿ ಒಟ್ಟಿಗೆ ಬಂದವು. ಫ್ರೇಮ್ ಬಳಸಿದರೆ 640×480 ಅಥವಾ 800×600ರ ಪರದೆಯಲ್ಲಿ ಎಡಭಾಗವೆಲ್ಲ ಸೂಚಿಗೇ ಹೋಗುತ್ತಿತ್ತು. ಒಳಪುಟವನ್ನು ಬುಕ್‌ಮಾರ್ಕ್ ಮಾಡಿದರೂ ಮರಳಿ ಬಂದಾಗ ಮುಖಪುಟವೇ ತೆರೆಯುತ್ತಿತ್ತು. ಪ್ರತ್ಯೇಕ ಕಿಟಕಿಯಲ್ಲಿ ಈ ಎರಡು ತೊಂದರೆಗಳೂ ಇರಲಿಲ್ಲ, ಮತ್ತು ಹೊಸ ಪುಟ ಸೇರಿಸಿದಾಗ ಒಂದೇ ಕಡತವನ್ನು ತಿದ್ದಿದರೆ ಸಾಕಾಗುತ್ತಿತ್ತು. ಎಲ್ಲವನ್ನೂ ಕೈಯಿಂದಲೇ ಬರೆಯುತ್ತಿದ್ದವರಿಗೆ ಇದು ಸಣ್ಣ ಅನುಕೂಲವಲ್ಲ. ದೊಡ್ಡ ಕಿಟಕಿಯನ್ನು ಒತ್ತಿದೊಡನೆ ಚಿಕ್ಕದು ಅದರ ಹಿಂದೆ ಅಡಗುತ್ತಿದ್ದುದು ನಿಜವಾದ ಕೊರತೆಯೇ. ಆದರೂ ಅದನ್ನು ಕೆಡಿಸಿದ್ದು ಉಚಿತ ತಾಣಗಳ ಜಾಹೀರಾತು ಕಿಟಕಿಗಳೆಂದು ನನ್ನ ಅಭಿಪ್ರಾಯ: ಅವನ್ನು ನೋಡದೆಯೇ ಮುಚ್ಚುವ ಅಭ್ಯಾಸವಾದವರು ಸೂಚಿಯನ್ನೂ ಮುಚ್ಚಿಬಿಡುತ್ತಿದ್ದರು.

ಸೂಚಿಯ ಕೊಂಡಿಗಳಲ್ಲಿ ಟಾರ್ಗೆಟ್, ಅಂದರೆ ಪುಟ ತೆರೆಯಬೇಕಾದ ಕಿಟಕಿಯ ಹೆಸರು, ಏನೆಂದಿದೆ ನೋಡಿ. ಅದೇ ಹೆಸರು ದೊಡ್ಡ ಕಿಟಕಿಗೂ ಇರಬೇಕು. ಇಲ್ಲವಾದರೆ ಪುಟ ಮೂರನೆಯದೊಂದು ಕಿಟಕಿಯಲ್ಲೋ ಟ್ಯಾಬ್‌ನಲ್ಲೋ ತೆರೆಯುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಟಾರ್ಗೆಟ್ ‘ಮೇನ್’ ಎಂದಿತ್ತು. ಮುಖಪುಟದ ಸ್ಕ್ರಿಪ್ಟಿನಲ್ಲಿ ಮಾವನವರು ಆ ಹೆಸರನ್ನು ಕೊಟ್ಟೇ ಇದ್ದರು. ಆನ್‌ಕ್ಲಿಕ್‌ಗೆ ಬದಲಿಸಿದ ಮೇಲೆ ಕಂಪ್ಯೂಟರಿನಲ್ಲಿ ರಿಮೋಟ್ ಕೆಲಸ ಮಾಡುತ್ತಿದೆ. ಫೋನಿನಲ್ಲಿ ಅದು ಇನ್ನೊಂದು ಟ್ಯಾಬ್ ಆಗಿ ತೆರೆಯುವುದರಿಂದ, ಪ್ರತಿ ಪುಟದ ಕೊನೆಗೆ ಅದೇ ಪಟ್ಟಿಯನ್ನು ಸೇರಿಸುತ್ತಿದ್ದೇನೆ. ಸಿ.ಡಿ.ಯಲ್ಲಿದ್ದ ಮೂಲ ಕಡತಗಳನ್ನು ಒಂದಕ್ಷರವೂ ತಿದ್ದದೆ ಬೇರೆ ಫೋಲ್ಡರಿನಲ್ಲಿ ಇರಿಸಿದ್ದೇನೆ.