ಕೈದಿಯಾಗಿರುವ ವೈದ್ಯರಿಗೆ ಜೈಲಿನ ಆಸ್ಪತ್ರೆಯಲ್ಲೇ ಕೆಲಸ ಕೊಡಬಹುದೇ?

ಪ್ರಶ್ನೆ: ಡೊಂಬಿವಲಿಯ ಓದುಗ

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿರುವ, ಧಾರವಾಡ ಕಡೆಯವರಾದ ಒಬ್ಬ ತಾಯಿಯ ಪರವಾಗಿ ಇದನ್ನು ಕೇಳುತ್ತಿದ್ದೇನೆ. ಅವರ ಮಗ ಎಂ.ಬಿ.ಬಿ.ಎಸ್. ಮುಗಿಸಿ ಏಳೆಂಟು ವರ್ಷ ಸ್ವಂತ ದವಾಖಾನೆ ನಡೆಸಿದವರು. ಹಣಕಾಸಿನ ಒಂದು ಪ್ರಕರಣದಲ್ಲಿ ಸಿಕ್ಕಿಕೊಂಡು ಎರಡೂವರೆ ವರ್ಷದಿಂದ ವಿಚಾರಣಾಧೀನ ಕೈದಿಯಾಗಿ ಮುಂಬಯಿ ಸುತ್ತಿನ ಒಂದು ಜೈಲಿನಲ್ಲಿದ್ದಾರೆ. ಜಾಮೀನು ಸಿಕ್ಕಿಲ್ಲ, ಸಾಕ್ಷಿಗಳ ವಿಚಾರಣೆಯೂ ಶುರುವಾಗಿಲ್ಲ. ಪ್ರಕರಣದ ಸರಿತಪ್ಪು ಇಲ್ಲಿ ಬೇಡ.

ಬ್ಯಾರಕ್ಕಿನಲ್ಲಿ ರಾತ್ರಿ ಯಾರಿಗಾದರೂ ಎದೆನೋವು, ಉಬ್ಬಸ ಅಥವಾ ಸೆಳವು ಬಂದರೆ ಜನ ಮೊದಲು ಎಬ್ಬಿಸುವುದು ಇವರನ್ನೇ. ನಾಡಿ ಹಿಡಿದು, ಒರಗಿಸಿ ಕೂರಿಸಿ, ಸರಳು ಬಡಿದು ವಾರ್ಡರನನ್ನು ಕೂಗುವುದಕ್ಕಿಂತ ಹೆಚ್ಚಿನದೇನೂ ಅವರಿಂದ ಸಾಧ್ಯವಾಗುವುದಿಲ್ಲ. ಜೈಲಿನ ವೈದ್ಯಾಧಿಕಾರಿಗಳು ಹಗಲಿನಲ್ಲಿ ಬಂದು ಸಾಲಿನಲ್ಲಿ ನಿಂತವರನ್ನು ನೋಡಿ ಹೋಗುತ್ತಾರೆ. ಹೊರಗಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರೂ ಬೆಂಗಾವಲು ಪೊಲೀಸರು ಸಿಗದೆ ದಿನ ಮುಂದೆ ಹೋಗುತ್ತದೆ. ಕಳೆದ ತಿಂಗಳ ಮುಲಾಕಾತಿಗೆ ಈ ತಾಯಿ ಮಗನ ಸ್ಟೆತಾಸ್ಕೋಪನ್ನು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಒಯ್ದಿದ್ದರು. ಬಾಗಿಲಲ್ಲಿದ್ದ ಪೇದೆ ಅದನ್ನು ಬಿಚ್ಚಿ, ರಬ್ಬರ್ ಕೊಳವೆಯನ್ನು ಎರಡೂ ಕೈಯಿಂದ ಎಳೆದು ನೋಡಿ, ‘ಆಯೀ, ಇದರಲ್ಲಿ ಕುತ್ತಿಗೆ ಬಿಗಿಯಬಹುದು’ ಎಂದು ಹಿಂದಕ್ಕೆ ಕೊಟ್ಟರಂತೆ.

2022ರ ಕೊನೆಗೆ ದೇಶದ ಜೈಲುಗಳಲ್ಲಿ 4,36,266 ಜನರಿಗೆ ಸಾಲುವ ಜಾಗದಲ್ಲಿ 5,73,220 ಜನರಿದ್ದರೆಂದು ಸರ್ಕಾರದ ಅಂಕಿಅಂಶವೇ ಹೇಳುತ್ತದೆ; ಅವರಲ್ಲಿ ನಾಲ್ಕರಲ್ಲಿ ಮೂವರು ವಿಚಾರಣಾಧೀನರು. 300 ಕೈದಿಗಳಿಗೆ ಒಬ್ಬ ವೈದ್ಯರಿರಬೇಕೆಂಬ ಮಾನದಂಡ ಕಾಗದದ ಮೇಲಿದೆ. ಹೀಗಿರುವಾಗ, ಓದಿದ ವೈದ್ಯರೊಬ್ಬರು ಒಳಗೇ ಸುಮ್ಮನೆ ಕೂತಿರುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ. ಇವರನ್ನು ಜೈಲಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಹಚ್ಚಲು ಕಾನೂನಿನ ದಾರಿ ಇದೆಯೇ? ದಾರಿ ಇದ್ದರೂ ಅದು ಸರಿಯೇ? ಬಲ್ಲವರು ತಿಳಿಸಬೇಕು.

ಉತ್ತರ 1: ಠಾಣೆಯ ವಕೀಲ

ನಿಮ್ಮ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ನೋಡುವುದು ಒಳ್ಳೆಯದು. ಮೊದಲನೆಯದು ಆ ವೈದ್ಯರ ನೋಂದಣಿಯ ವಿಷಯ. ಬಂಧನವಾದ ಮಾತ್ರಕ್ಕೆ ವೈದ್ಯರ ನೋಂದಣಿ ರದ್ದಾಗುವುದಿಲ್ಲ. ಆದರೆ 2002ರ ವೈದ್ಯಕೀಯ ವೃತ್ತಿ ನಡವಳಿಕೆಯ ನಿಯಮಗಳು ನೈತಿಕ ಅಧಃಪತನದ ಅಪರಾಧಕ್ಕಾಗಿ ನ್ಯಾಯಾಲಯದಲ್ಲಿ ಶಿಕ್ಷೆಯಾಗುವುದನ್ನೇ ವೃತ್ತಿದ್ರೋಹವೆಂದು ಎಣಿಸುತ್ತವೆ. ಆಗ ರಾಜ್ಯದ ವೈದ್ಯಕೀಯ ಪರಿಷತ್ತು ಪಟ್ಟಿಯಿಂದ ಹೆಸರು ತೆಗೆಯಬಹುದು. ಆದ್ದರಿಂದ ಇಂದು ವಿಚಾರಣಾಧೀನರಾಗಿ ಇವರಿಗಿರುವ ಅರ್ಹತೆ ನಾಳೆ ಶಿಕ್ಷೆಯಾದರೆ ಉಳಿಯುತ್ತದೆಂಬ ಭರವಸೆ ಇಲ್ಲ. ಇನ್ನೊಂದು ಮಾತನ್ನು ಎಲ್ಲರೂ ಮರೆಯುತ್ತಾರೆ: ಮಹಾರಾಷ್ಟ್ರದಲ್ಲಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಅದಕ್ಕೆ ಆ ಅವಧಿಯಲ್ಲಿ ನಿರಂತರ ವೈದ್ಯಕೀಯ ಶಿಕ್ಷಣದ 30 ಅಂಕಗಳು ಬೇಕು. ಒಳಗಿದ್ದವರಿಗೆ ಅದು ತಾನಾಗಿ ಕೂಡುವುದಿಲ್ಲ. ದಯವಿಟ್ಟು ದಿನಾಂಕ ನೋಡಿ.

ಎರಡನೆಯದು ಜೈಲಿನೊಳಗಿನ ಸ್ಥಾನ. ಕೈದಿಗೆ ಜೈಲಿನ ಜವಾಬ್ದಾರಿ ಕೊಡುವುದು ನಮ್ಮ ಕಾನೂನಿಗೆ ಅಪರಿಚಿತವೇನಲ್ಲ. 1894ರ ಕಾರಾಗೃಹ ಕಾಯ್ದೆಯ 23ನೇ ಕಲಮು, ಜೈಲಿನ ಅಧಿಕಾರಿಗಳಾಗಿ ನೇಮಕಗೊಂಡ ಕೈದಿಗಳನ್ನು ಸರ್ಕಾರಿ ನೌಕರರೆಂದೇ ಭಾವಿಸಬೇಕೆಂದು ಹೇಳುತ್ತದೆ. ಆದರೆ ಅದೇ ಕಾಯ್ದೆಯು ವೈದ್ಯಾಧಿಕಾರಿಯ ಮೇಲೆ ಹೊರಿಸಿರುವ ಹೊಣೆಯನ್ನು ಓದಿ ನೋಡಿ. ಜೈಲಿನ ಶಿಸ್ತು ಅಥವಾ ನಡೆಸಿಕೊಳ್ಳುವ ರೀತಿಯಿಂದ ಒಬ್ಬ ಕೈದಿಯ ಮನಸ್ಸಿಗೆ ಹಾನಿಯಾಗುತ್ತಿದೆ ಎನಿಸಿದರೆ ವೈದ್ಯಾಧಿಕಾರಿ ಸೂಪರಿಂಟೆಂಡೆಂಟರಿಗೆ ಲಿಖಿತ ವರದಿ ಕೊಡಬೇಕು. ದುಡಿಯುವ ಕೈದಿಯ ತೂಕವನ್ನು ಹದಿನೈದು ದಿನಕ್ಕೊಮ್ಮೆಯಾದರೂ ಅವನ ಚೀಟಿಯಲ್ಲಿ ಬರೆಸಬೇಕು. ಕೈದಿ ಸತ್ತರೆ ರೋಗ ಯಾವಾಗ ಶುರುವಾಯಿತು, ಯಾವ ಔಷಧ, ಯಾವ ಪಥ್ಯ, ಶವಪರೀಕ್ಷೆಯಲ್ಲಿ ಏನು ಕಂಡಿತು ಎಂಬುದನ್ನೆಲ್ಲ ದಾಖಲಿಸಬೇಕು. ಒಟ್ಟಿನಲ್ಲಿ, ಬೇಕಾದಾಗ ಸೂಪರಿಂಟೆಂಡೆಂಟರಿಗೆ ಎದುರಾಗಿ ಕಾಗದದ ಮೇಲೆ ಬರೆಯಬಲ್ಲವನೇ ವೈದ್ಯಾಧಿಕಾರಿ. ತನ್ನ ಊಟ, ಬ್ಯಾರಕ್ಕು, ಮುಲಾಕಾತು, ರಿಯಾಯಿತಿ ಎಲ್ಲವೂ ಅದೇ ಸೂಪರಿಂಟೆಂಡೆಂಟರ ಕೈಯಲ್ಲಿರುವ ಕೈದಿ ಅಂಥ ವರದಿ ಬರೆಯುವನೇ? ಬರೆದರೂ ಅದಕ್ಕೆ ತೂಕವಿರುತ್ತದೆಯೇ? ಅವನು ಸಹಿ ಮಾಡಿದ ಪ್ರಮಾಣಪತ್ರ ಸಹಕೈದಿಯೊಬ್ಬನ ವೈದ್ಯಕೀಯ ಜಾಮೀನಿನ ಅರ್ಜಿಯಲ್ಲಿ ಬಂದರೆ, ಸರ್ಕಾರಿ ವಕೀಲರು ಒಂದೇ ನಿಮಿಷದಲ್ಲಿ ಅದನ್ನು ಹೊಡೆದುಹಾಕುತ್ತಾರೆ. ನಿಜವಾಗಿ ಕಾಯಿಲೆಯಿದ್ದವನೂ ಅದರಿಂದ ಕೆಡುತ್ತಾನೆ.

ಆದ್ದರಿಂದ ನನ್ನ ಸಲಹೆ ಇಷ್ಟು: ‘ವೈದ್ಯರಾಗಿ ನೇಮಿಸಿ’ ಎಂದು ಕೇಳಬೇಡಿ, ‘ವೈದ್ಯಾಧಿಕಾರಿಯ ಕೈಕೆಳಗೆ ಸಹಾಯಕ್ಕೆ ಬಿಡಿ’ ಎಂದು ಕೇಳಿ. ವಿಚಾರಣಾಧೀನರನ್ನು ದುಡಿಮೆಗೆ ಒತ್ತಾಯಿಸುವಂತಿಲ್ಲ. ಆದ್ದರಿಂದ ಅರ್ಜಿಯಲ್ಲಿ ಅವರ ಸ್ವಂತ ಇಚ್ಛೆ ಸ್ಪಷ್ಟವಾಗಿರಲಿ, ಅದರ ಒಂದು ಪ್ರತಿ ವಿಚಾರಣಾ ನ್ಯಾಯಾಲಯಕ್ಕೂ ಹೋಗಲಿ. ಕೂಲಿಯ ಬಗ್ಗೆ ಸಂಕೋಚ ಬೇಡ. ಕಠಿಣ ಶಿಕ್ಷೆಯ ಕೈದಿಗಳ ದುಡಿಮೆಗೂ ನ್ಯಾಯವಾದ ಕೂಲಿ ಸಲ್ಲಬೇಕೆಂದು, ಅದರಲ್ಲೊಂದು ಪಾಲು ಅಪರಾಧದಿಂದ ನೊಂದವರಿಗೆ ಹೋಗಬೇಕೆಂದು ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ.

ಉತ್ತರ 2: ಪುಣೆಯ ನಿವೃತ್ತ ದಾದಿ

ವಕೀಲರ ಮಾತನ್ನು ಒಪ್ಪುತ್ತೇನೆ. ಆದರೆ ‘ಸಹಾಯ’ ಎಂದರೆ ಏನೆಂಬುದನ್ನು ಕಣ್ಣಾರೆ ನೋಡಿದವಳಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕೆಲಸದಲ್ಲಿದ್ದಾಗ ಕ್ಷಯರೋಗದ ತಪಾಸಣಾ ತಂಡದ ಜೊತೆ ಒಂದು ಜೈಲಿಗೆ ಕೆಲವು ದಿನ ಹೋಗಿದ್ದೆ. ನಾವು ಬೆಳಿಗ್ಗೆ ಕಫದ ಡಬ್ಬಿಗಳನ್ನು ಹಂಚಿ, ಎರಡು ವಾರದಿಂದ ಕೆಮ್ಮಿದೆಯೇ, ಜ್ವರವಿದೆಯೇ, ತೂಕ ಇಳಿದಿದೆಯೇ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದೆವು. ‘ಕುಛ್ ನಹೀ’ ಎಂದು ಎಲ್ಲರದ್ದೂ ಒಂದೇ ಉತ್ತರ. ಕ್ಷಯವೆಂದು ಗೊತ್ತಾದರೆ ಬೇರೆ ಕೋಣೆಗೆ ಹಾಕುತ್ತಾರೆ, ಜೊತೆಯವರು ತಪ್ಪಿಹೋಗುತ್ತಾರೆ ಎಂಬ ಹೆದರಿಕೆ.

ಆ ಬ್ಯಾರಕ್ಕಿನಲ್ಲಿ ಫಾರ್ಮಸಿ ಓದಿದ ಒಬ್ಬ ಶಿಕ್ಷಾಬಂದಿ ಇದ್ದ. ಎರಡನೆಯ ದಿನ ಅವನು ಬಿಸ್ಕತ್ತಿನ ಪೊಟ್ಟಣದ ಒಳಮೈ ಮೇಲೆ ಪೆನ್ಸಿಲಿನಲ್ಲಿ ಹೆಸರುಗಳನ್ನು ಬರೆದು ತಂದುಕೊಟ್ಟ. ಹೆಸರಿನ ಮುಂದೆ ಗೆರೆಗಳು. ರಾತ್ರಿ ಕೆಮ್ಮುವವನಿಗೆ ಒಂದು ಗೆರೆ, ಬೆವರಿ ಅಂಗಿ ಹಿಂಡುವವನಿಗೆ ಎರಡು, ಪೈಜಾಮದ ಲಾಡಿಯನ್ನು ಮೊದಲಿಗಿಂತ ಬಿಗಿಯಾಗಿ ಎಳೆದು ಕಟ್ಟುತ್ತಿರುವವನಿಗೆ ಮೂರು. ಮೂರು ಗೆರೆಯವರಲ್ಲಿ ಇಬ್ಬರ ಕಫದಲ್ಲಿ ಕ್ಷಯ ಸಿಕ್ಕಿತು. ಇಬ್ಬರೂ ಹಿಂದಿನ ದಿನ ನನ್ನ ಮುಖ ನೋಡಿ ‘ಕುಛ್ ನಹೀ’ ಎಂದವರೇ. ಪಕ್ಕದ ಚಾಪೆಯಲ್ಲಿ ಮಲಗುವವನಿಗೆ ಗೊತ್ತಿರುವಷ್ಟು ಯಾವ ಹೊರರೋಗಿ ವಿಭಾಗಕ್ಕೂ ಗೊತ್ತಿರುವುದಿಲ್ಲ.

ಆಮೇಲೆ ಆರು ತಿಂಗಳ ಮಾತ್ರೆ. ದಿನವೂ ಎದುರಿಗೇ ನುಂಗಿಸಿ, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುವ ಕೆಲಸ ಅದು. ಇದನ್ನು ಅವನು ಚೆನ್ನಾಗಿಯೇ ನಡೆಸುತ್ತಿದ್ದನೆಂದು ಕೇಳಿದೆ. ಆದರೆ ಔಷಧದ ಕಪಾಟಿನ ಬೀಗದ ಕೈಯನ್ನು ಕಂಪೌಂಡರ್ ಅವನಿಗೆ ಕೊಡಲು ಹೋದಾಗ, ‘ಅದೊಂದು ಬೇಡ’ ಎಂದು ಕೈಮುಗಿದನಂತೆ. ಆಗ ನನಗೆ ಅದರ ಅರ್ಥ ಆಗಿರಲಿಲ್ಲ.

ವಿಷಯದಿಂದ ತುಸು ಪಕ್ಕಕ್ಕೆ ಹೋದರೂ ಒಂದು ಮಾತು. ಯೆರವಡಾದಲ್ಲಿ ಕೈದಿಯಾಗಿದ್ದ ಗಾಂಧೀಜಿಗೆ 1924ರ ಜನವರಿ 12ರ ರಾತ್ರಿ ನಮ್ಮ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಮಾಡಿದರು. ನಡುವೆ ವಿದ್ಯುತ್ ಹೋಗಿ ಲಾಂದ್ರದ ಬೆಳಕಿನಲ್ಲಿ ಮುಗಿಸಬೇಕಾಯಿತು ಎಂಬ ಕಥೆ ಪುಣೆಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ರಾಜಕೀಯ ಮುಖಂಡ ಶ್ರೀನಿವಾಸ ಶಾಸ್ತ್ರಿಗಳನ್ನು ಕರೆಸಿ, ವೈದ್ಯರ ಮೇಲೆ ತಮಗೆ ನಂಬಿಕೆಯಿದೆ ಎಂಬ ಹೇಳಿಕೆಗೆ ಗಾಂಧೀಜಿ ಸಹಿ ಮಾಡಿದ್ದರು ಎಂಬುದನ್ನು ಹೆಚ್ಚಿನವರು ನೆನೆಯುವುದಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ಯಾರದು ಎಂಬ ಪ್ರಶ್ನೆ ಸರ್ಕಾರದ ಸರ್ಜನ್ನರಿಗೇ ಅಷ್ಟು ದೊಡ್ಡದಾಗಿತ್ತು. ಇಲ್ಲಿ ಹೊಣೆ ಹೊರಲು ಹೊರಟಿರುವವರು ಸ್ವತಃ ಕೈದಿ.

ಉತ್ತರ 3: ಗೋವಾದ ಮಾಪುಸಾದಿಂದ

ಬೇರೆಯವರು ಹೊರಗಿನಿಂದ ನೋಡಿದ್ದಾರೆ. ನಾನು ಹನ್ನೊಂದು ತಿಂಗಳು ಒಳಗಿದ್ದು, ಆಮೇಲೆ ಖುಲಾಸೆಯಾಗಿ ಬಂದವನು. ಯಾವ ಜೈಲೆಂದು ಹೇಳುವುದಿಲ್ಲ. ನಮ್ಮಲ್ಲೂ ಒಬ್ಬ ಡಾಕ್ಟರ್ ಕೈದಿ ಇದ್ದರು. ಒಳ್ಳೆಯ ಮನುಷ್ಯರು, ನನ್ನ ಕಾಲಿನ ಹುಣ್ಣು ವಾಸಿಯಾದದ್ದು ಅವರ ಕೈಯಿಂದಲೇ. ಹೊರಗಿನ ಡಾಕ್ಟರು ಸಂಜೆ ಮನೆಗೆ ಹೋಗುತ್ತಾರೆ. ಕೈದಿ ಡಾಕ್ಟರು ತಾವು ‘ಇಲ್ಲ’ ಎಂದವರ ಪಕ್ಕದಲ್ಲೇ ರಾತ್ರಿ ಮಲಗಬೇಕು. ಇದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೀವು ಚರ್ಚಿಸಿದ್ದೀರಿ.

ಜೈಲಿನಲ್ಲಿ ಆಸ್ಪತ್ರೆಯ ಹಾಸಿಗೆಯೆಂದರೆ ಮಂಚ, ಫ್ಯಾನು, ಹಾಲು, ಜೊತೆಗೆ ಗಲಾಟೆಯಿಲ್ಲದ ನಿದ್ದೆ. ಅದಕ್ಕೆ ಬೆಲೆಯಿದೆ. ನಿದ್ದೆಯ ಮಾತ್ರೆಗೆ ಇನ್ನೂ ಹೆಚ್ಚು ಬೆಲೆ. ವೈದ್ಯಾಧಿಕಾರಿಗಳು ಈ ಡಾಕ್ಟರರ ಮಾತನ್ನು ಕೇಳುತ್ತಾರೆಂಬುದು ಗೊತ್ತಾದ ವಾರದಲ್ಲೇ, ಬ್ಯಾರಕ್ಕನ್ನು ಆಳುತ್ತಿದ್ದವನೊಬ್ಬ ತನ್ನ ಹುಡುಗನಿಗೆ ‘ಹೃದಯದ ತೊಂದರೆ’ ಎಂದು ಹೇಳಿಸಲು ಬಂದ. ಇವರು ಆಗುವುದಿಲ್ಲ ಎಂದರು. ಮಾರನೆಯ ದಿನದಿಂದ ಸ್ನಾನದ ಹೊತ್ತಿಗೆ ಇವರ ಬಕೆಟ್ಟು ಕಾಣೆಯಾಗತೊಡಗಿತು; ಆಮೇಲೆ ಚಾಪೆ ಶೌಚಾಲಯದ ಪಕ್ಕಕ್ಕೆ ಸರಿಯಿತು. ಯಾರೂ ಕೈ ಎತ್ತಲಿಲ್ಲ, ದೂರು ಕೊಡುವಂಥದ್ದು ಏನೂ ಇರಲಿಲ್ಲ. ತಿಂಗಳೊಳಗೆ ಅವರು ಯಾರನ್ನೂ ನೋಡುವುದನ್ನೇ ಬಿಟ್ಟರು. ಒಂದು ರಾತ್ರಿ ಫಿಟ್ಸ್ ಬಂದ ಹುಡುಗನನ್ನು ಪಕ್ಕಕ್ಕೆ ಹೊರಳಿಸಿದ್ದು ನಾನು, ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಮಾಡುತ್ತಿರಲಿಲ್ಲ ಎಂಬುದು ನನಗೆ ಗೊತ್ತು.

ದಾದಿಯಮ್ಮನವರೇ, ನಿಮ್ಮ ಫಾರ್ಮಸಿಯವನು ಬೀಗದ ಕೈ ಬೇಡವೆಂದದ್ದು ಇದಕ್ಕೇ.

ಇನ್ನೂ ಒಂದಿದೆ. ಎಚ್‌.ಐ.ವಿ. ಇರುವವನು ಅದನ್ನು ಹೊರಗಿನ ಡಾಕ್ಟರಿಗೆ ಹೇಳುತ್ತಾನೆ, ಜೊತೆಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವವರಿಗೆ ಹೇಳುವುದಿಲ್ಲ. ಕಾಯಿಲೆಯ ಕಾಗದಗಳು ಕೈದಿಯ ಕಣ್ಣಿಗೆ ಬೀಳಲೇಬಾರದು, ಅವರು ಎಷ್ಟೇ ಓದಿರಲಿ.

ಉತ್ತರ 4: ಮಾಟುಂಗಾದವನು

ಹಿಂದೆ ನಡೆದ ಎರಡು ಉದಾಹರಣೆಗಳು ನೆನಪಾಗುತ್ತವೆ. ಗಾಜಿಯಾಬಾದಿನ ದಾಸ್ನಾ ಜೈಲಿನಲ್ಲಿದ್ದ ದಂತವೈದ್ಯ ದಂಪತಿ ರಾಜೇಶ್ ಮತ್ತು ನೂಪುರ್ ತಲ್ವಾರ್ ಅಲ್ಲಿ ಸಹಕೈದಿಗಳ ಹಲ್ಲಿನ ಚಿಕಿತ್ಸೆ ಮಾಡುತ್ತಿದ್ದರು. 2013ರಲ್ಲಿ ಶಿಕ್ಷೆಗೊಳಗಾಗಿದ್ದ ಅವರನ್ನು 2017ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟ್ ಖುಲಾಸೆ ಮಾಡಿತು. ಬಿಡುಗಡೆಯ ಹೊತ್ತಿಗೆ, ಹದಿನೈದು ದಿನಕ್ಕೊಮ್ಮೆ ಬಂದು ಹಲ್ಲು ನೋಡುವೆವೆಂದು ಅವರು ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅಲ್ಲಿ ಅದು ನಡೆದದ್ದೇಕೆ ಎಂದು ಯೋಚಿಸಿದರೆ, ಹಲ್ಲಿನ ಕುರ್ಚಿಯಲ್ಲಿ ಮಾಪುಸಾದವರು ಹೇಳುವ ವ್ಯಾಪಾರಕ್ಕೆ ಜಾಗ ಕಡಿಮೆ. ಹುಳುಕು ಹಲ್ಲು ಎಲ್ಲರಿಗೂ ಕಾಣುತ್ತದೆ, ಅದನ್ನು ಕೀಳಿಸಿಕೊಂಡವನಿಗೆ ಮಂಚವೂ ಸಿಗುವುದಿಲ್ಲ, ಜಾಮೀನೂ ಸಿಗುವುದಿಲ್ಲ.

ಇನ್ನೊಂದು ಅಮೆರಿಕದ್ದು. ಲಿಂಕನ್ ಹತ್ಯೆಯ ಪ್ರಕರಣದಲ್ಲಿ, ಹಂತಕ ಬೂತ್‌ನ ಮುರಿದ ಕಾಲಿಗೆ ಕಟ್ಟುಹಾಕಿದ ಡಾಕ್ಟರ್ ಸ್ಯಾಮ್ಯುಯೆಲ್ ಮಡ್‌ಗೆ ಜೀವಾವಧಿ ಶಿಕ್ಷೆಯಾಗಿ, ಫ್ಲಾರಿಡಾದ ಕಡಲಾಚೆಯ ಫೋರ್ಟ್ ಜೆಫರ್ಸನ್ ದ್ವೀಪಕ್ಕೆ ಕಳಿಸಿದ್ದರು. 1867ರಲ್ಲಿ ಅಲ್ಲಿ ಹಳದಿ ಜ್ವರ ಹಬ್ಬಿ ಸೈನ್ಯದ ವೈದ್ಯರೇ ತೀರಿಕೊಂಡಾಗ ಮಡ್ ಆ ಕೆಲಸ ವಹಿಸಿಕೊಂಡರು; ಕಾವಲಿನ ಸೈನಿಕರು ಅವರ ಕ್ಷಮಾದಾನಕ್ಕೆ ಮನವಿ ಬರೆದರು; 1869ರಲ್ಲಿ ಅಧ್ಯಕ್ಷ ಜಾನ್ಸನ್ ಕ್ಷಮಿಸಿದರು. ಕೇಳಲು ಚೆಂದದ ಕಥೆ. ಆದರೆ ಅದು ಸುತ್ತಲೂ ಸಮುದ್ರ, ಬೇರೆ ವೈದ್ಯರೇ ಇಲ್ಲ ಎಂಬ ಸ್ಥಿತಿ. ಮುಂಬಯಿಯಲ್ಲಿ ಜೆ.ಜೆ. ಆಸ್ಪತ್ರೆ ಇದೆ, ಗೋವಾದಲ್ಲಿ ಬಾಂಬೋಳಿಯ ವೈದ್ಯಕೀಯ ಕಾಲೇಜಿದೆ. ಇಲ್ಲದ್ದು ಕರೆದೊಯ್ಯುವ ಪೊಲೀಸರು. ಕೈದಿ ವೈದ್ಯರು ಹೇಗೂ ಇದ್ದಾರಲ್ಲ ಎಂದು ಸರ್ಕಾರ ಖಾಲಿ ಹುದ್ದೆ ತುಂಬುವುದನ್ನೇ ಮುಂದೂಡಿದರೆ ಎಂಬುದು ನನ್ನ ಭಯ. ಹೊರಗಿನ ಜನರಿಗೆ ಸಿಗುವ ಮಟ್ಟದ ಚಿಕಿತ್ಸೆಯೇ ಕೈದಿಗೂ ಸಿಗಬೇಕೆಂದು 2015ರ ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳು ಹೇಳುತ್ತವೆ.

ಪ್ರಶ್ನೆ ಕೇಳಿದವರು: ಡೊಂಬಿವಲಿಯ ಓದುಗ

ಎಲ್ಲರಿಗೂ ನಮಸ್ಕಾರ. ಮಾಪುಸಾದವರ ಉತ್ತರವನ್ನು ಆ ತಾಯಿಗೆ ಓದಿ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ, ಕೊನೆಗೆ ಓದಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಬಕೆಟ್ಟಿನ ಮಾತು ಅವನೂ ಒಮ್ಮೆ ಹೇಳಿದ್ದ’ ಎಂದರು.

ನಿನ್ನೆ ಕೂತು ಮರಾಠಿಯಲ್ಲಿ ಅರ್ಜಿ ಬರೆದೆವು. ಕೇಳಿರುವುದು ಮೂರೇ ಕೆಲಸ: ಹಗಲಿನಲ್ಲಿ ವೈದ್ಯಾಧಿಕಾರಿಗಳ ಎದುರಿಗೇ ರಕ್ತದೊತ್ತಡ ಮತ್ತು ತೂಕ ಬರೆದುಕೊಳ್ಳುವುದು, ಕ್ಷಯದ ಮಾತ್ರೆ ನುಂಗಿಸುವುದು, ಹೊಸದಾಗಿ ಬಂದವರಿಗೆ ಸೆಳವು, ಎದೆನೋವು, ಹಾವು ಕಡಿತದ ಪ್ರಥಮ ಚಿಕಿತ್ಸೆ ಕಲಿಸುವುದು. ಚೀಟಿ ಬರೆಯುವುದು, ಕಪಾಟಿನ ಕೀಲಿ, ಹಾಸಿಗೆಯ ಶಿಫಾರಸು, ಬೇರೆಯವರ ಕಾಗದ ನೋಡುವುದು ಇವು ನಾಲ್ಕೂ ಬೇಡವೆಂದು ನಾವಾಗಿಯೇ ಬರೆದಿದ್ದೇವೆ; ಯಾರಾದರೂ ಒತ್ತಾಯಿಸಿದರೆ ‘ನನ್ನ ಕೈಯಲ್ಲಿಲ್ಲ’ ಎಂದು ತೋರಿಸಲು ಅವರಿಗೊಂದು ಕಾಗದ ಇರಲಿ ಎಂದು. ನೋಂದಣಿ ಮುಗಿಯಲು ಇನ್ನು ಏಳು ತಿಂಗಳಿದೆ.

ಒಂದೇ ಅನುಮಾನ ಉಳಿದಿದೆ. ಅರ್ಜಿಯಲ್ಲಿ ಹೆಸರಿನ ಹಿಂದೆ ‘ಡಾ.’ ಇರಲೇಬೇಕೆಂದು ತಾಯಿ ಹಟ ಹಿಡಿದಿದ್ದಾರೆ. ಇಡಬಹುದೇ?

ಠಾಣೆಯ ವಕೀಲ

ಧಾರಾಳವಾಗಿ ಇಡಿ. ನೋಂದಣಿಯ ಸಂಖ್ಯೆಯನ್ನೂ ಅದರ ಕೆಳಗೇ ಬರೆಯಿರಿ, ನವೀಕರಣದ ಅರ್ಜಿಯನ್ನು ಮುಂದಿನ ಮುಲಾಕಾತಿಗೇ ಸಹಿಗೆ ಕೊಂಡೊಯ್ಯಿರಿ. ಸಹಿಯನ್ನು ಜೈಲಿನ ಕಚೇರಿಯ ಮೂಲಕ ದೃಢೀಕರಿಸಿಕೊಳ್ಳಬೇಕಾಗುತ್ತದೆ; ಅದಕ್ಕೇ ಒಂದೆರಡು ವಾರ ಹಿಡಿದೀತು.